ಎಡಗಾಲಿನ ಬ್ರೇಕು

ಬುಗುರಿಯನ್ನು ಒಂದು ಕಡೆ ಕೂರಿಸುವುದು ಯಾರಪ್ಪನಿಂದಲೂ ಆಗದ ಕೆಲಸ ಎಂದು ಅವಳ ಅಪ್ಪನೇ ಹೇಳುತ್ತಿದ್ದ. ಆ ಅಡ್ಡಹೆಸರು ಇಟ್ಟವನೂ ಅವನೇ. ಐದು ವರ್ಷದ ಹುಡುಗಿಗೆ ಇಟ್ಟ ಹೆಸರು ಅವಳಿಗೆ ನಲವತ್ತೆಂಟಾದರೂ ಬಿಟ್ಟುಹೋಗಿಲ್ಲ. ಅವಳ ವರ್ಕ್‌ಶಾಪಿಗೆ ಹೋದರೆ ಮೊದಲು ಕಾಣುವುದು ಅರ್ಧ ಕುಡಿದು ಮರೆತ ಟೀ ಲೋಟಗಳು. ಲೇತಿನ ತಲೆಯ ಮೇಲೊಂದು, ಕಿಟಕಿಯಲ್ಲೊಂದು, ಕಾರ್ಬುರೇಟರ್ ತೊಳೆಯುವ ಪೆಟ್ರೋಲ್ ತಟ್ಟೆಯ ಪಕ್ಕ ಇನ್ನೊಂದು. ಆ ಕೊನೆಯದನ್ನು ಮೂಸಿ ನೋಡಿಯೇ ಕುಡಿಯಬೇಕು. ಅವಳ ಗಂಡ ಒಮ್ಮೆ ಮೂಸದೆ ಕುಡಿದು ಪಾಠ ಕಲಿತಿದ್ದಾನೆ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ಅವನು ಗೊಣಗುತ್ತಾನೆ. ಅವನು ಗೂಡ್ಸ್ ರೈಲಿನ ಗಾರ್ಡು, ತಿಂಗಳಿಗೆ ಹದಿನೈದು ದಿನ ಚಕ್ರದ ಮೇಲೆಯೇ ಇರುವವನು.

ಇಂಥವಳು ಹೋಗಿ ಹೋಗಿ ಮನಸ್ಸು ಕೊಟ್ಟಿದ್ದು ಜಗತ್ತಿನ ಅತ್ಯಂತ ನಿಧಾನದ ಬೈಕ್ ಆಟಕ್ಕೆ. ಟ್ರಯಲ್ಸ್ ಎನ್ನುತ್ತಾರೆ. ಅದು ರೇಸ್ ಅಲ್ಲ. ಬಂಡೆ, ಹಳ್ಳ, ಇಳಿಜಾರು, ಬೇರು ಇರುವ ಕಡೆ ಎರಡು ಟೇಪು ಎಳೆದು ಇಪ್ಪತ್ತು ಮೂವತ್ತು ಹೆಜ್ಜೆಯಷ್ಟು ದಾರಿ ಮಾಡುತ್ತಾರೆ. ಅದಕ್ಕೆ ಸೆಕ್ಷನ್ ಎಂದು ಹೆಸರು. ಸವಾರ ಎದ್ದು ನಿಂತುಕೊಂಡೇ ಅದನ್ನು ದಾಟಬೇಕು, ಕಾಲು ನೆಲಕ್ಕೆ ತಾಗಬಾರದು. ಒಮ್ಮೆ ತಾಗಿದರೆ ಒಂದು ತಪ್ಪಂಕ. ಬಿದ್ದರೆ ಐದು, ಗಾಡಿ ನಿಂತುಹೋದರೂ ಐದು. ದಿನದ ಕೊನೆಗೆ ಯಾರ ಚೀಟಿಯಲ್ಲಿ ಕಡಿಮೆ ಇದೆಯೋ ಅವರು ಗೆದ್ದಂತೆ. ಬುಗುರಿ ಸ್ವತಃ ಓಡಿಸಿದವಳಲ್ಲ. ಕ್ಲಬ್ಬಿನ ಅರ್ಧಕ್ಕರ್ಧ ಗಾಡಿಗಳನ್ನು ರಿಪೇರಿ ಮಾಡುವವಳು ಅವಳು, ಪಂದ್ಯದ ದಿನ ಸೆಕ್ಷನ್ ಪಕ್ಕ ನಿಂತು ಚೀಟಿಯಲ್ಲಿ ಅಂಕ ಬರೆಯುವವಳೂ ಅವಳೇ.

ಓಡಿಸುತ್ತಿದ್ದವನು ಅವಳ ತಮ್ಮ. ಅವನು ಬಸ್ಸಿನ ಡ್ರೈವರ್, ಮಾತು ಕಡಿಮೆ, ಅವಸರ ಎಂಬುದನ್ನೇ ಅರಿಯದವನು. ಮನೆಯಲ್ಲಿ ಇದ್ದಬದ್ದ ತಾಳ್ಮೆಯನ್ನೆಲ್ಲ ಅವನೇ ಬಾಚಿಕೊಂಡ, ಆದ್ದರಿಂದಲೇ ಅಕ್ಕನಿಗೆ ಏನೂ ಉಳಿಯಲಿಲ್ಲ ಎಂದು ನೆಂಟರು ತಮಾಷೆ ಮಾಡುತ್ತಿದ್ದರು. ಈ ಮಾತೆಲ್ಲ ಎರಡು ವರ್ಷದ ಹಿಂದಿನದು. ಈಗ ಅವನು ಬೈಕು ಓಡಿಸುವುದಿಲ್ಲ, ಬಸ್ಸನ್ನೂ ಓಡಿಸುವುದಿಲ್ಲ. ಡಿಪೋದ ಗಾಜಿನ ಕೋಣೆಯಲ್ಲಿ ಕೂತು ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಟಿತು ಎಂದು ಬರೆಯುತ್ತಾನೆ.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಅವನು ವರ್ಕ್‌ಶಾಪಿಗೆ ಬಂದ. ಬಂದವನು ಮೂಲೆಗೆ ಹೋಗಿ ಅಪ್ಪನ ಗಾಡಿಯ ಮೇಲಿನ ಟಾರ್ಪಾಲನ್ನು ತಾನೇ ಎತ್ತಿದ. ಬುಗುರಿಯ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗಾಯಿತು.

ಅಪ್ಪನ ಗಾಡಿ ಅರವತ್ತು ವರ್ಷ ಹಳೆಯದು. ಒಂದೇ ಸಿಲಿಂಡರು, ಎತ್ತರದ ಸೈಲೆನ್ಸರು, ಕೈಯಗಲದ ಸೀಟು. ಟೈರಿನಲ್ಲಿ ಗಾಳಿ ಎಷ್ಟು ಕಡಿಮೆ ಇರಬೇಕೆಂದರೆ ಪೆಟ್ರೋಲ್ ಬಂಕಿನ ಮೀಟರಿನ ಮುಳ್ಳು ಅಲ್ಲಾಡುವುದೇ ಇಲ್ಲ, ಹೆಬ್ಬೆರಳಿನಿಂದ ಒತ್ತಿಯೇ ನೋಡಬೇಕು. ಇನ್ನೊಂದು ವಿಶೇಷವೆಂದರೆ ಅದರ ಪೆಡಲುಗಳು. ಈಗಿನ ಎಲ್ಲ ಬೈಕಿನಲ್ಲೂ ಗೇರು ಎಡಗಾಲಿಗೆ, ಹಿಂದಿನ ಬ್ರೇಕು ಬಲಗಾಲಿಗೆ. ಅಪ್ಪನ ಗಾಡಿಯಲ್ಲಿ ಇದು ತಿರುಗುಮುರುಗು: ಗೇರು ಬಲಕ್ಕೆ, ಬ್ರೇಕು ಎಡಕ್ಕೆ. ಹೊಸದನ್ನೂ ಹಳೆಯದನ್ನೂ ಎರಡೂ ಓಡಿಸುವವರು ಒಂದಲ್ಲ ಒಂದು ದಿನ ಬ್ರೇಕೆಂದು ಗೇರನ್ನು ಒತ್ತುತ್ತಾರೆ. ಕ್ಲಬ್ಬಿನಲ್ಲಿ ಹಾಗೆ ಒತ್ತಿ ಮುಳ್ಳುಪೊದೆ ಸೇರದವರು ಕಡಿಮೆ.

ತಮ್ಮ ವಿಷಯಕ್ಕೆ ನೇರವಾಗಿ ಬಂದ. ಈ ಸಲದ ಪಂದ್ಯಕ್ಕೆ ಇಳಿಯುತ್ತೇನೆ, ಅಪ್ಪನ ಗಾಡಿಯಲ್ಲೇ ಇಳಿಯುತ್ತೇನೆ ಎಂದ. ಆದರೆ ಪೆಡಲು ಬದಲಾಯಿಸಿಕೊಡಬೇಕು. ಗೇರ್‌ಬಾಕ್ಸಿನ ಹಿಂದೆ ಫ್ರೇಮಿಗೆ ತೂತು ಕೊರೆದು ಅಡ್ಡಕ್ಕೊಂದು ಶಾಫ್ಟು ಹಾಕಿದರೆ ಗೇರನ್ನು ಎಡಕ್ಕೂ ಬ್ರೇಕನ್ನು ಬಲಕ್ಕೂ ತರಬಹುದು. ಹೊಸ ಗಾಡಿಗಳ ಹಾಗೆ, ಬ್ರೇಕಾದರೆ ಬಸ್ಸಿನ ಹಾಗೆ.

"ಅಪ್ಪನ ಫ್ರೇಮಿಗೆ ತೂತಾ?" ಎಂದಳು ಬುಗುರಿ.

"ಅಪ್ಪ ಇದ್ದಿದ್ರೆ ಬೈತಿದ್ರು, ಗೊತ್ತು" ಎಂದ ಅವನು. "ಆದ್ರೆ ನನ್ನ ಕಾಲಿನ ಮೇಲೆ ನನಗೆ ನಂಬಿಕೆ ಇಲ್ಲ ಅಕ್ಕ. ಡಿಪೋದಲ್ಲಿ ಈ ತಿಂಗಳ ಕೊನೇ ದಿನದೊಳಗೆ ಹೇಳು ಅಂದಿದ್ದಾರೆ, ಸ್ಟೇರಿಂಗ್ ಬೇಕೋ ಕುರ್ಚಿ ಬೇಕೋ ಅಂತ. ಕುರ್ಚಿ ಅಂದ್ರೆ ರಿಟೈರ್ ಆಗೋವರೆಗೂ ಕುರ್ಚೀನೇ. ಪಂದ್ಯ ಅದರ ಹಿಂದಿನ ದಿನ ಬರುತ್ತೆ. ನಾನು ಬಿದ್ದ ಅದೇ ನಾಲ್ಕನೇ ಸೆಕ್ಷನ್ ಒಂದ್ಸಲ ಸರಿಯಾಗಿ ಇಳಿದ್ಬಿಟ್ರೆ ಧೈರ್ಯ ಬರುತ್ತೇನೋ ನೋಡ್ತೀನಿ."

ಬುಗುರಿ ಆಗಲಿ ಎಂದಳು. ಬೇರೇನು ಹೇಳಬೇಕೆಂದು ಅವಳಿಗೆ ಗೊತ್ತಿತ್ತು, ಎರಡು ವರ್ಷದಿಂದ ಗೊತ್ತಿತ್ತು. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡವಳ ಹಾಗೆ ಅದನ್ನು ನುಂಗಲಾರದೆ ಉಗುಳಲಾರದೆ ಅಷ್ಟು ದಿನ ಓಡಾಡಿದ್ದಳು.

ಆದದ್ದು ಇಷ್ಟು. ಎರಡು ವರ್ಷದ ಹಿಂದೆ, ಪಂದ್ಯದ ದಿನ, ಕಲ್ಲುಕ್ವಾರಿಯ ಬಯಲಿನಲ್ಲಿ ಬುಗುರಿ ಅಪ್ಪನ ಗಾಡಿಗೆ ಹೊಸ ಬ್ರೇಕ್ ರಾಡು ಹಾಕುತ್ತಿದ್ದಳು. ರಾಡಿನ ತುದಿಯನ್ನು ಪೆಡಲಿಗೆ ಸೇರಿಸುವುದು ಬೆರಳುದ್ದದ ಒಂದು ಪಿನ್ನು. ಆ ಪಿನ್ನು ಜಾರಿ ಬೀಳದಂತೆ ತಡೆಯುವುದು ಅದರ ತುದಿಗೆ ತೂರಿಸಿ ಎರಡೂ ಕಡೆ ಮಡಿಸುವ ಪುಟ್ಟ ಸ್ಪ್ಲಿಟ್ ಪಿನ್ನು. ದೊಡ್ಡ ಪಿನ್ನು ಹಾಕಿದ್ದಳು, ಸ್ಪ್ಲಿಟ್ ಪಿನ್ನು ತುಟಿಯ ನಡುವೆ ಕಚ್ಚಿಕೊಂಡಿದ್ದಳು. ಅಷ್ಟರಲ್ಲಿ ಕ್ಲಬ್ಬು ನಡೆಸುವ ಲೆಕ್ಕದ ಮೇಷ್ಟ್ರು ಕೂಗಿದರು. ಯಾರದೋ ಆಕ್ಸಿಲರೇಟರ್ ಕೇಬಲ್ಲು ತುಂಡಾಗಿತ್ತು. ಬುಗುರಿ ಎದ್ದಳು, ತುಟಿಯಲ್ಲಿದ್ದದ್ದನ್ನು ಏಪ್ರನ್ ಜೇಬಿಗೆ ಹಾಕಿಕೊಂಡು ಓಡಿದಳು.

ಹೀಗಾದೀತು ಎಂದೇ ಅಪ್ಪ ಒಂದು ನಿಯಮ ಮಾಡಿಟ್ಟಿದ್ದ. ಕೆಲಸ ಅರ್ಧಕ್ಕೆ ಬಿಟ್ಟು ಏಳುವ ಮುಂಚೆ ಗಾಡಿಯ ಕ್ಲಚ್ ಹಿಡಿಗೆ ಕೆಂಪು ಬಟ್ಟೆ ಕಟ್ಟಬೇಕು. ಎರಡು ನಿಮಿಷಕ್ಕೆ ಎದ್ದರೂ ಕಟ್ಟಬೇಕು. ಬಟ್ಟೆ ಕಟ್ಟಿರುವ ಗಾಡಿಯನ್ನು ಬೇರೆ ಯಾರೂ ಮುಟ್ಟಬಾರದು, ಕಟ್ಟಿದವರೇ ಬಿಚ್ಚಬೇಕು. ನಿಯಮ ಎಲ್ಲರಿಗೂ ಅನ್ವಯಿಸುತ್ತಿತ್ತಾದರೂ ಅದು ಹುಟ್ಟಿದ್ದು ಮಗಳ ಕಾಲಿನ ಚಕ್ರದ ದೆಸೆಯಿಂದ. ಅವತ್ತು ಅವಳು ಬಟ್ಟೆ ಕಟ್ಟಲಿಲ್ಲ. ಎರಡು ನಿಮಿಷದ ಕೆಲಸ ತಾನೇ ಎಂದುಕೊಂಡಳು, ಅದು ಇಪ್ಪತ್ತು ನಿಮಿಷವಾಯಿತು. ತಮ್ಮ ಬಂದು ನೋಡಿದ, ಬಟ್ಟೆ ಇಲ್ಲ, ಅಂದರೆ ಗಾಡಿ ತಯಾರು. ಕಿಕ್ ಹೊಡೆದು ಹೊರಟ. ನಾಲ್ಕನೇ ಸೆಕ್ಷನ್ನಿನ ಬಂಡೆಯ ಇಳಿಜಾರಿನಲ್ಲಿ ಬ್ರೇಕು ಒತ್ತಿದ, ಹಿಡಿಯಲಿಲ್ಲ. ಗಾಡಿಯೂ ಅವನೂ ಕೆಳಗಿನ ಕಲ್ಲುಗಳ ಮೇಲೆ ಬಿದ್ದರು. ಪಾದದ ಗೆಣ್ಣು ಮೂರು ಕಡೆ ಮುರಿದಿತ್ತು.

ಬಿದ್ದವನ ಸುತ್ತ ಸೇರಿದವರು ಆಗಲೇ ಕಾರಣವನ್ನೂ ಕಂಡುಹಿಡಿದಿದ್ದರು. ಅವನು ಅವತ್ತು ಬೆಳಿಗ್ಗೆ ಟೇಪು ಕಟ್ಟುವುದಕ್ಕೆ ಯಾರದೋ ಹೊಸ ಗಾಡಿಯಲ್ಲಿ ಓಡಾಡಿದ್ದನಲ್ಲ, ಆ ಗುಂಗಿನಲ್ಲೇ ಬಲಗಾಲು ಒತ್ತಿದ್ದಾನೆ, ಅಷ್ಟೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಕಳಚಿ ನೇತಾಡುತ್ತಿದ್ದ ಬ್ರೇಕ್ ರಾಡನ್ನು ಕಂಡವರು ಬಂಡೆಗೆ ಬಡಿದು ಕಿತ್ತಿದೆ ಎಂದರು. ಬುಗುರಿ ಮಾತ್ರ ಪೆಡಲಿನ ತೂತನ್ನು ನೋಡಿದಳು. ಬಡಿದು ಕಿತ್ತಿದ್ದರೆ ತೂತು ಹರಿದಿರಬೇಕಿತ್ತು. ಅದು ದುಂಡಗೆ, ಒಂದು ಗೀರೂ ಇಲ್ಲದೆ ಇತ್ತು. ಮೂರನೆಯ ದಿನ ಏಪ್ರನ್ ಒಗೆಯುವಾಗ ಜೇಬಿನಲ್ಲಿ ಸ್ಪ್ಲಿಟ್ ಪಿನ್ನು ಸಿಕ್ಕಿತು.

ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಅವಳು ಆಸ್ಪತ್ರೆಗೆ ಹೋಗಿದ್ದಳು, ಹೇಳಿಬಿಡುವುದಕ್ಕೆ. ಅವಳು ಬಾಯಿ ತೆರೆಯುವ ಮೊದಲೇ ಅಳು ಬಂತು. ಅವಳು ಅಳುವುದನ್ನು ಕಂಡು ತಮ್ಮ, ಕಾಲನ್ನು ಮೇಲಕ್ಕೆ ಕಟ್ಟಿಸಿಕೊಂಡು ಮಲಗಿದ್ದವನು, ಅಕ್ಕನ ತಲೆ ಸವರಿದ. ಅಳಬೇಡ, ತಪ್ಪು ನಂದೇ, ಬಲಗಾಲು ಒತ್ತಿಬಿಟ್ಟೆ ಎಂದ. ಒತ್ತಿದ್ದು ನೆನಪಿದೆ, ಹಿಡಿಯಲಿಲ್ಲ ಎನ್ನುವುದೂ ನೆನಪಿದೆ, ಹಾಗಾದರೆ ಬಲಗಾಲೇ ಇರಬೇಕು. ಅವನ ಲೆಕ್ಕ ಸರಿಯಾಗಿಯೇ ಇತ್ತು, ಅವನಿಗೆ ಒಂದು ಸಂಗತಿ ಮಾತ್ರ ಗೊತ್ತಿರಲಿಲ್ಲ. ಆ ಗಳಿಗೆಯಲ್ಲಿ ಬುಗುರಿಗೆ ಹಾಯೆನಿಸಿತು. ಇವತ್ತಿಗೂ ಅವಳು ತನ್ನನ್ನು ತಾನು ಕ್ಷಮಿಸದೆ ಇರುವುದು ಪಿನ್ನು ಮರೆತದ್ದಕ್ಕಲ್ಲ, ಆ ಹಾಯೆನಿಸಿದ್ದಕ್ಕೆ.

ಕಾಲು ವಾಸಿಯಾದ ಮೇಲೆ ಹೇಳೋಣ ಎಂದುಕೊಂಡಳು. ಕಾಲು ವಾಸಿಯಾಯಿತು. ಅಷ್ಟರಲ್ಲಿ ಅವನು ಡಿಪೋಗೆ ಹೋಗಿ, ತಾನು ಯಾವ ಕಾಲು ಒತ್ತಿದೆ ಎಂದು ತನಗೇ ಗೊತ್ತಿಲ್ಲದವನು ನಲವತ್ತು ಜನರನ್ನು ಬೆನ್ನ ಹಿಂದೆ ಕೂರಿಸಿಕೊಳ್ಳಬಾರದು ಎಂದು ಬರೆದುಕೊಟ್ಟು ಬಂದಿದ್ದ. ಎಂಥ ಪ್ರಾಮಾಣಿಕ ಮನುಷ್ಯ ಎಂದು ಎಲ್ಲರೂ ಹೊಗಳಿದರು. ಅಷ್ಟಾದ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ಮಾತು ಬಿಸಿಯಿದ್ದಾಗ ಆಡಬೇಕು, ಹಳಸಿದ ಮೇಲೆ ಅದನ್ನು ಮುಟ್ಟುವುದಕ್ಕೇ ಭಯ.

ಈಗ ಅದೇ ತಪ್ಪಿಲ್ಲದ ಕಾಲಿಗಾಗಿ ಅವಳು ಶಾಫ್ಟು ಕಡೆಯಬೇಕಾಗಿತ್ತು. ಕಡೆದಳು. ಮೊದಲನೆಯದು ಕೂದಲೆಳೆಯಷ್ಟು ಸಣ್ಣದಾಯಿತು, ಬಿಸಾಡಿದಳು. ಎರಡನೆಯದು ಸರಿಯಾಗಿಯೇ ಇತ್ತು, ಉಕ್ಕು ಒಳ್ಳೆಯದಲ್ಲ ಎಂದು ತಾನೇ ನೆಪ ತೆಗೆದು ಅದನ್ನೂ ಬಿಸಾಡಿದಳು. ಲೇತು ಚಾಲೂ ಮಾಡುವಳು, ಆರಿಸುವಳು, ಬಾಗಿಲಿಗೆ ಹೋಗಿ ಬೀದಿ ನೋಡುವಳು, ಬಂದು ಮತ್ತೆ ಚಾಲೂ ಮಾಡುವಳು. ಒಂದೇ ದಿನ ಏಳು ಟೀ ಮಾಡಿ ಒಂದನ್ನೂ ಕುಡಿಯಲಿಲ್ಲ. ಮೇಷ್ಟ್ರು ಪ್ಲಗ್ ಕೊಳ್ಳಲು ಬಂದವರು ಮಾತಿಗೆ, ನಿನ್ನ ತಮ್ಮನ ಗಾಡಿಗೆ ಏನಾಗಿತ್ತಮ್ಮ ಎಂದು ಕೇಳಿದರು. ಏನೂ ಆಗಿರಲಿಲ್ಲ, ಎಲ್ಲ ಸರಿ ಇತ್ತು ಎಂದು ಅವಳು ಹಾರಿಬಿದ್ದಳು. ಅವರು ಕೇಳಿದ್ದು ಇವತ್ತು ಏನು ರಿಪೇರಿ ನಡೆದಿದೆ ಎಂದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು. ಮೇಷ್ಟ್ರು ಪ್ಲಗ್ ಹಿಡಿದುಕೊಂಡು ಅವಳನ್ನೇ ಒಂದು ಸಲ ನೋಡಿ ಹೊರಟುಹೋದರು.

ಹೇಳಬೇಕು, ಆದರೆ ತಮ್ಮನಿಗೆ ನೋವಾಗಬಾರದು. ನಿಜ ಗೊತ್ತಾಗಬೇಕು, ಆದರೆ ಅಕ್ಕ ಕೆಟ್ಟವಳಾಗಬಾರದು. ಹಾವೂ ಸಾಯಬೇಕು ಕೋಲೂ ಮುರಿಯಬಾರದು ಎಂಬ ಆಸೆ. ರಾತ್ರಿ ಹಾಸಿಗೆಯಲ್ಲಿ ಅವಳು ಹೊರಳಾಡುವುದಕ್ಕೆ ಬೇಸತ್ತು ಗಂಡ ಗೂಡ್ಸ್ ಗಾಡಿಯ ಡಬ್ಬಿಯಲ್ಲೇ ಇದಕ್ಕಿಂತ ಚೆನ್ನಾಗಿ ನಿದ್ದೆ ಬರುತ್ತದೆ ಎಂದ. ಅವನಿಗೂ ಅವಳು ಏನೂ ಹೇಳಿರಲಿಲ್ಲ.

ಮರುವಾರ ತಮ್ಮನ ಹೆಂಡತಿ ಬಂದಳು. ಮಕ್ಕಳ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಗಸು, ಊಟದ ಬಿಡುವಿನಲ್ಲಿ ಬಂದಿದ್ದಳು. ಶಾಫ್ಟು ಎಲ್ಲಿಗೆ ಬಂತು ಎಂದು ನೋಡಿಕೊಂಡು ಹೋಗುವ ನೆಪ. ನಿಂತು ಆ ಮಾತು ಈ ಮಾತು ಆಡಿದ ಮೇಲೆ ನಿಜವಾಗಿ ಹೇಳಬೇಕಾದದ್ದನ್ನು ಹೇಳಿದಳು.

"ಅತ್ತಿಗೆ, ಇವರು ಮನೇಲಿ ಎರಡು ಹಲಗೆ ತುಂಡು ಇಟ್ಕೊಂಡಿದಾರೆ. ಸಂಜೆ ಬಂದು ಕುರ್ಚಿ ಮೇಲೆ ಕೂತು ಅದರ ಮೇಲೆ ಕಾಲಿಡ್ತಾರೆ. ನಾನು ಅಡುಗೆ ಮಾಡ್ತಾ ಎಡ, ಬಲ ಅಂತ ಕೂಗ್ಬೇಕು, ಇವರು ಒತ್ಬೇಕು. ಒಂದು ಸಲಾನೂ ತಪ್ಪಲ್ಲ. ಆದ್ರೂ ಒಪ್ಪಲ್ಲ. ಅವತ್ತೂ ತಪ್ಪಲ್ಲ ಅಂತಾನೇ ಅಂದ್ಕೊಂಡಿದ್ದೆ ಅಂತಾರೆ." ಅವಳು ಸೆರಗಿನಿಂದಲ್ಲ, ಅಂಗಡಿಯ ಅಳತೆಪಟ್ಟಿಯಿಂದಲೇ ಕಣ್ಣೊರೆಸಿಕೊಂಡಳು, ಅದು ಕುತ್ತಿಗೆಯಲ್ಲೇ ಇತ್ತು. "ನೀವು ಬೇಗ ಮಾಡ್ಕೊಟ್ಬಿಡಿ ಅತ್ತಿಗೆ."

ಬುಗುರಿ ಅವತ್ತೇ ಹೇಳಬೇಕಿತ್ತು. ಹೇಳದೆ, ಗುರುವಾರ ಬಾ ಎಂದು ತಮ್ಮನಿಗೆ ಹೇಳಿ ಕಳಿಸಿದಳು. ಮೂರನೆಯ ಶಾಫ್ಟನ್ನು ಒಂದೇ ಪಟ್ಟಿಗೆ ಕೂತು ಕಡೆದು ಮುಗಿಸಿದಳು, ಅದು ಕನ್ನಡಿಯ ಹಾಗೆ ಬಂತು.

ಗುರುವಾರ ತಮ್ಮ ಸರಿಯಾಗಿ ಹತ್ತು ಗಂಟೆಗೆ ಬಂದ. ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಏರಿಸಿದ್ದಳು. ಚೈನು, ಬ್ರೇಕ್ ರಾಡು ಬಿಚ್ಚಿ ನೆಲದ ಮೇಲೆ ಕಾಗದ ಹಾಸಿ ಸಾಲಾಗಿ ಇಟ್ಟಿದ್ದಳು. ಗೇರ್‌ಬಾಕ್ಸಿನ ಹಿಂದಿನ ಪ್ಲೇಟಿನ ಮೇಲೆ ತಮ್ಮನೇ ಸೀಮೆಸುಣ್ಣದಿಂದ ಅಡ್ಡ ಉದ್ದ ಗೆರೆ ಎಳೆದ. ಅವಳು ಗೆರೆಗಳು ಕೂಡಿದ ಕಡೆ ಪಂಚ್ ಇಟ್ಟು ಸುತ್ತಿಗೆಯಿಂದ ಒಂದು ಪೆಟ್ಟು ಹಾಕಿದಳು. ಅವನು ಟಾರ್ಚು ಹಿಡಿದು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತ. ಕೂರುವಾಗ ಮುರಿದಿದ್ದ ಕಾಲನ್ನು ಕೈಯಿಂದ ಸರಿಪಡಿಸಿಕೊಂಡ. ಕೂತ ಮೇಲೂ ಒಮ್ಮೆ ಬಗ್ಗಿ ಅದು ಎಲ್ಲಿದೆ ಎಂದು ನೋಡಿಕೊಂಡ.

ಡ್ರಿಲ್ಲು ತಿರುಗಿತು. ಮೊದಲು ಅಪ್ಪ ಬಳಿದಿದ್ದ ಹಸಿರು ಬಣ್ಣ ಪುಡಿಯಾಗಿ ಉದುರಿತು, ಆಮೇಲೆ ಬೆಳ್ಳಗೆ ಉಕ್ಕು ಕಂಡಿತು. ಉಕ್ಕಿನ ಮೊದಲ ಎಳೆ ಸುರುಳಿಯಾಗಿ ಮೇಲೆದ್ದದ್ದೇ ತಡ, ಬುಗುರಿ ಡ್ರಿಲ್ಲು ಹಿಂದಕ್ಕೆಳೆದಳು. ಅಕ್ಕಿಕಾಳು ಹಿಡಿಯುವಷ್ಟು ಗುಂಡಿ ಬಿದ್ದಿತ್ತು.

"ಬಿಟ್ ಮೊಂಡಾ?" ಎಂದ ತಮ್ಮ.

"ನೀನು ಬಲಗಾಲು ಒತ್ತಲಿಲ್ಲ ಕಣೋ" ಎಂದಳು ಬುಗುರಿ.

ಅವನಿಗೆ ಅರ್ಥವಾಗಲಿಲ್ಲ. ಅವಳು ಡ್ರಿಲ್ಲನ್ನು ಕೆಳಗಿಟ್ಟಳು. "ಎಡಗಾಲೇ ಒತ್ತಿದ್ದು. ಸರಿಯಾಗೇ ಒತ್ತಿದ್ದೆ. ಬ್ರೇಕೇ ಇರಲಿಲ್ಲ. ರಾಡಿಗೆ ನಾನು ಸ್ಪ್ಲಿಟ್ ಪಿನ್ ಹಾಕಿರಲಿಲ್ಲ. ಮೇಷ್ಟ್ರು ಕೂಗಿದ್ರು, ಎದ್ದು ಹೋದೆ, ಬಟ್ಟೇನೂ ಕಟ್ಟಲಿಲ್ಲ."

ಒಮ್ಮೆ ಶುರುವಾದ ಮೇಲೆ ಅವಳು ನಿಲ್ಲಿಸಲಿಲ್ಲ. ಏಪ್ರನ್ ಜೇಬು, ಗೀರಿಲ್ಲದ ತೂತು, ಆಸ್ಪತ್ರೆಗೆ ಹೋದದ್ದು, ಹಾಯೆನಿಸಿದ್ದು, ಎಲ್ಲವನ್ನೂ ಹೇಳಿದಳು. ಒಂದೇ ಒಂದು ನೆಪವನ್ನೂ ಸೇರಿಸಲಿಲ್ಲ. ತಮ್ಮ ಟಾರ್ಚು ಆರಿಸುವುದನ್ನೇ ಮರೆತಿದ್ದ, ಅದರ ಬೆಳಕು ಹಗಲಿನಲ್ಲಿ ಸುಮ್ಮನೆ ಗೋಡೆಯ ಮೇಲೆ ಬಿದ್ದಿತ್ತು.

ಅವನು ಪಿನ್ನು ಎಲ್ಲಿ ಎಂದು ಕೇಳಿದ. ಅವಳು ಲೇತಿನ ಕೆಳಗಿನ ಡ್ರಾಯರಿನಿಂದ ಬೆಂಕಿಪೊಟ್ಟಣ ತೆಗೆದುಕೊಟ್ಟಳು. ಅವನು ಅದನ್ನು ತೆರೆದು ಅಂಗೈ ಮೇಲೆ ಸುರಿದುಕೊಂಡ. ಹೊಸ ಪಿನ್ನು, ಒಮ್ಮೆಯೂ ಮಡಿಸಿಲ್ಲದ ಎರಡು ಕಾಲು.

"ನೀನು ಮರೆತಿದ್ದಕ್ಕೆ ನನಗೇನೂ ಸಿಟ್ಟಿಲ್ಲ" ಎಂದ. ಅವನ ದನಿ ಮೆಲ್ಲಗೆಯೇ ಇತ್ತು. "ಮರೀತಾರೆ. ಅಪ್ಪಾನೂ ಮರೀತಿದ್ರು. ಆದ್ರೆ ಎರಡು ವರ್ಷ ನಾನು ಮೆಟ್ಟಿಲು ಇಳಿಯೋವಾಗ್ಲೂ ಕಾಲು ನೋಡ್ಕೊಂಡೇ ಇಳಿದೆ ಅಕ್ಕ. ನೀನು ಪಕ್ಕದಲ್ಲೇ ಇದ್ದು ನೋಡ್ತಿದ್ದೆ."

ಅವನು ಎದ್ದ. ಮೊಳೆಗೆ ನೇತುಹಾಕಿದ್ದ ಕೆಂಪು ಬಟ್ಟೆಯನ್ನು ತೆಗೆದು ಅಪ್ಪನ ಗಾಡಿಯ ಕ್ಲಚ್ ಹಿಡಿಗೆ ಸುತ್ತಿ ಎರಡು ಗಂಟು ಹಾಕಿದ. ಪಿನ್ನನ್ನು ಪೊಟ್ಟಣದೊಳಗೆ ಹಾಕಿ ಗಾಡಿಯ ಸೀಟಿನ ಮೇಲಿಟ್ಟು ಹೋದ.

ಕಟ್ಟಿದವರೇ ಬಿಚ್ಚಬೇಕು. ಆದ್ದರಿಂದ ಬುಗುರಿ ಆ ಗಾಡಿಯನ್ನು ಮುಟ್ಟುವ ಹಾಗಿರಲಿಲ್ಲ. ಚೈನು ಕಾಗದದ ಮೇಲೆ ಹಾಗೆಯೇ ಇತ್ತು, ರಾಡು ಹಾಗೆಯೇ ಇತ್ತು, ಗುಂಡಿಯ ಬಾಯಿಯಲ್ಲಿ ಉಕ್ಕಿನ ಸುರುಳಿ ಹಾಗೆಯೇ ನಿಂತಿತ್ತು. ಅವಳು ಅದರ ಸುತ್ತ ಗಾಣದೆತ್ತಿನ ಹಾಗೆ ತಿರುಗಿದಳು. ಬೇರೆಯವರ ಗಾಡಿಗಳನ್ನು ಬೇಕೋ ಬೇಡವೋ ಬಿಚ್ಚಿ ಜೋಡಿಸಿದಳು, ಪ್ರತಿ ಪಿನ್ನನ್ನೂ ಮೂರು ಮೂರು ಸಲ ನೋಡಿದಳು. ಹೇಳಿದರೆ ಹಗುರಾಗುತ್ತದೆ ಎಂದು ಯಾರು ಹೇಳಿದರೋ ಅವರನ್ನು ಹಿಡಿದು ಕೇಳಬೇಕೆನಿಸಿತು. ತಮ್ಮನ ಮನೆಗೆ ಎರಡು ಸಲ ಹೊರಟು ಎರಡು ಸಲವೂ ಬೀದಿಯ ತಿರುವಿನಿಂದ ಹಿಂದಕ್ಕೆ ಬಂದಳು. ಡಿಪೋದ ಗಾಜಿನ ಕೋಣೆಯ ಮುಂದೆ ಹೋಗಿ ನೋಡಿದಳು, ಅವನು ಕುರ್ಚಿಯಲ್ಲೇ ಇದ್ದ. ಗಂಡನಿಗೂ ಎಲ್ಲ ಹೇಳಿದಳು. ಅವನು ಬೈಯದೆ ಎರಡು ಲೋಟ ಟೀ ಮಾಡಿಕೊಂಡು ಬಂದ.

ಪಂದ್ಯಕ್ಕೆ ಎರಡು ದಿನವಿರುವಾಗ ಅವಳು ಕ್ಲಚ್ ಪ್ಲೇಟು ತರಲು ಪೇಟೆಗೆ ಹೋಗಿ ಬಂದರೆ ಮೂಲೆ ಖಾಲಿ. ಟಾರ್ಪಾಲು ಮಡಿಸಿ ಇಟ್ಟಿತ್ತು. ತಮ್ಮ ಬಂದಿದ್ದ ಎಂದು ಗಂಡ ಹೇಳಿದ. ನಾಲ್ಕು ಗಂಟೆ ಕೂತು ಚೈನು, ರಾಡು, ಬ್ರೇಕು ಎಲ್ಲ ತಾನೇ ಜೋಡಿಸಿದ, ಪೆಡಲು ಬದಲಾಯಿಸಲಿಲ್ಲ, ಇದ್ದ ಕಡೆಗೇ ಹಾಕಿದ. ಎರಡು ಟೀ ಕುಡಿದ, ಎರಡನ್ನೂ ಪೂರ್ತಿ ಕುಡಿದ. ಬುಗುರಿ ನೋಡಿದಳು, ಅವಳು ಅಲ್ಲಲ್ಲಿ ಬಿಟ್ಟಿದ್ದ ಲೋಟಗಳನ್ನೂ ಸೇರಿಸಿ ಎಲ್ಲವನ್ನೂ ತೊಳೆದು ಬೋರಲು ಹಾಕಿಟ್ಟಿದ್ದ. ಬೆಂಕಿಪೊಟ್ಟಣ ಅಲ್ಲೇ ಇತ್ತು. ಅದರೊಳಗೆ ಪಿನ್ನು ಇರಲಿಲ್ಲ.

"ಬಟ್ಟೆ ಬಿಚ್ಚಿದ್ನಾ?" ಎಂದು ಅವಳು ಕೇಳಿದಳು.

"ಇಲ್ಲ" ಎಂದ ಗಂಡ. "ಹಂಗೇ ತಗೊಂಡು ಹೋದ."

ಪಂದ್ಯದ ದಿನ ಮೇಷ್ಟ್ರು ಪ್ರತಿ ವರ್ಷದ ಹಾಗೆ ಬುಗುರಿಯನ್ನು ನಾಲ್ಕನೇ ಸೆಕ್ಷನ್ನಿಗೇ ಹಾಕಿದ್ದರು. ಬೇರೆ ಕಡೆ ಹಾಕಿ ಎಂದು ಕೇಳಿಕೊಳ್ಳಲು ಬಾಯಿ ಬರಲಿಲ್ಲ. ಚೀಟಿಯ ಹಲಗೆ, ಪೆನ್ಸಿಲು, ಸೀಟಿ ಹಿಡಿದು ಅವಳು ಬಂಡೆಯ ಬುಡದಲ್ಲಿ ನಿಂತಳು. ನಿಂತಳು ಎನ್ನುವುದು ಮರ್ಯಾದೆಯ ಮಾತು. ಟೇಪು ಸರಿಮಾಡಿದಳು, ಸರಿಯಾಗಿದ್ದ ಗೂಟವನ್ನು ಕಿತ್ತು ಮತ್ತೆ ನೆಟ್ಟಳು, ಪೆನ್ಸಿಲ್ಲನ್ನು ಅದು ಅರ್ಧವಾಗುವವರೆಗೂ ಕೆತ್ತಿದಳು. ಹೊಸ ಗಾಡಿಗಳು ಬಂದವು, ಸೊಳ್ಳೆಯ ಹಾಗೆ ಸದ್ದು ಮಾಡುತ್ತ ಬಂಡೆಯಿಂದ ಬಂಡೆಗೆ ನೆಗೆದು ಹೋದವು. ಆಮೇಲೆ ಹಳೆಯ ಗಾಡಿಗಳ ಸರದಿ. ಮೇಷ್ಟ್ರು ನಡುವೆ ಬಂದು, ನಿನ್ನ ತಮ್ಮ ಕ್ಲಚ್ಚಿಗೆ ಕೆಂಪು ಬಟ್ಟೆ ಕಟ್ಟಿಕೊಂಡೇ ಓಡಿಸುತ್ತಿದ್ದಾನಲ್ಲ, ನಿಮ್ಮಪ್ಪನ ನಿಯಮ ಏನಾಯಿತಮ್ಮ ಎಂದರು. ಕಟ್ಟಿದವನೇ ಓಡಿಸುತ್ತಿದ್ದಾನೆ ಮೇಷ್ಟ್ರೇ, ನಿಯಮ ತಪ್ಪಿಲ್ಲ ಎಂದಳು.

ಅವನು ಮೂರು ಸೆಕ್ಷನ್ನುಗಳಲ್ಲಿ ಒಂದು ಕಾಲನ್ನೂ ಇಟ್ಟಿಲ್ಲ, ಹೀಗೇ ಹೋದರೆ ಗೆದ್ದರೂ ಗೆದ್ದ ಎಂದೂ ಮೇಷ್ಟ್ರು ಹೇಳಿ ಹೋದರು.

ಅಪ್ಪನ ಗಾಡಿಯ ಸದ್ದು ಕಾಣುವ ಮೊದಲೇ ಕೇಳಿಸಿತು, ಒಂದೊಂದು ಬಡಿತವೂ ಬಿಡಿಬಿಡಿಯಾಗಿ. ಬಂಡೆಯ ತಲೆಯ ಮೇಲೆ ಮುಂದಿನ ಚಕ್ರ ಮೂಡಿತು, ಆಮೇಲೆ ಕೆಂಪು ಬಟ್ಟೆ, ಆಮೇಲೆ ತಮ್ಮ. ಅವನು ಕೆಳಗೆ ನೋಡಿದ, ಅಕ್ಕನನ್ನು ಕಂಡ, ಮುಖದಲ್ಲಿ ಏನೂ ತೋರಿಸಲಿಲ್ಲ. ಇಳಿಯತೊಡಗಿದ. ಪಿನ್ನು ಹಾಕಿದ್ದಾನೆ, ತಾನೇ ಹಾಕಿದ್ದಾನೆ ಎಂದು ಬುಗುರಿ ಮನಸ್ಸಿನಲ್ಲೇ ನೂರು ಸಲ ಹೇಳಿಕೊಂಡಳು.

ಇಳಿಜಾರಿನ ನಡುಮಧ್ಯೆ, ಎರಡು ವರ್ಷದ ಹಿಂದೆ ಅವನು ಬ್ರೇಕು ಒತ್ತಿದ್ದ ಜಾಗದಲ್ಲಿ, ಅವನು ಎಡಗಾಲು ಒತ್ತಿದ. ಗಾಡಿ ನಿಂತಿತು. ತಪ್ಪಿ ನಿಂತದ್ದಲ್ಲ, ಅವನೇ ನಿಲ್ಲಿಸಿದ್ದು. ಎರಡೂ ಕಾಲು ಪಾದ ಊರುವ ಪೆಗ್ಗಿನ ಮೇಲೆ, ಗಾಡಿ ಬಂಡೆಗೆ ಅಂಟಿದ ಹಾಗೆ, ಅವನು ಅಲ್ಲೇ ನೆಟ್ಟಗೆ ನಿಂತ. ಅವಳು ಎಣಿಸಿದಳು: ಒಂದು, ಎರಡು, ಮೂರು, ನಾಲ್ಕು. ನಿಂತರೆ ಐದು ಎನ್ನುವುದು ಈ ಆಟದ ಮೊದಲ ಪಾಠ, ಹಸುಗೂಸಿಗೂ ಗೊತ್ತು. ಅವನು ಅಷ್ಟು ಹೊತ್ತೂ ಬಗ್ಗಿ ತನ್ನ ಕಾಲನ್ನು ನೋಡಲಿಲ್ಲ. ನೇರ ಮುಂದಕ್ಕೆ ನೋಡುತ್ತಿದ್ದ.

ಆಮೇಲೆ ಬ್ರೇಕು ಸಡಿಲಿಸಿ ಮೆಲ್ಲಗೆ ಕೆಳಗಿಳಿದು ಅವಳ ಮುಂದೆ ಬಂದು ನಿಂತ. ಎಂಜಿನ್ನಿನ ಬಿಸಿ ಅವಳ ಮೊಣಕಾಲಿಗೆ ತಾಗುತ್ತಿತ್ತು. ಫ್ರೇಮಿನಲ್ಲಿ ಅಕ್ಕಿಕಾಳಿನ ಗುಂಡಿ ಕಾಣುತ್ತಿತ್ತು, ಅದನ್ನು ಅವನು ಮುಚ್ಚಿರಲಿಲ್ಲ.

"ಹಿಡೀತು" ಎಂದ.

ಅವಳು ತಲೆಯಾಡಿಸಿದಳು.

"ನಾಳೆ ಡಿಪೋದಲ್ಲಿ ಸ್ಟೇರಿಂಗೇ ಬೇಕು ಅಂತ ಬರ್ಕೊಡ್ತೀನಿ."

ಬುಗುರಿಯ ಕಣ್ಣು ಕ್ಲಚ್ ಹಿಡಿಯ ಕಡೆ ಹೋಯಿತು. ಎರಡು ಗಂಟು ಹಾಗೆಯೇ ಬಿಗಿಯಾಗಿದ್ದವು. ಅವನಿಗೂ ಅದು ಕಂಡಿತು.

"ಅದು ಇರ್ಲಿ" ಎಂದ. "ನಿನ್ನ ಮೇಲೆ ಸಿಟ್ಟು ಇನ್ನೂ ಇದೆ. ಬಸ್ಸಿನ ಮೊದಲ ಟ್ರಿಪ್ ಮುಗಿಸ್ಕೊಂಡು ವರ್ಕ್‌ಶಾಪಿಗೆ ಬರ್ತೀನಿ. ಆಗ ಬಿಚ್ತೀನಿ. ನೀನು ಅಲ್ಲೇ ಇರು, ಎಲ್ಲಾದ್ರೂ ತಿರುಗೋಕೆ ಹೋಗ್ಬೇಡ." ಗೇರು ಹಾಕಿದ, ಬಲಗಾಲಿನಿಂದ. "ಐದು ಬರ್ಕೋ. ತಮ್ಮ ಅಂತ ಕಡಿಮೆ ಮಾಡ್ಬೇಡ."

ಅವನು ಐದನೇ ಸೆಕ್ಷನ್ನಿನ ಕಡೆ ಹೋದ. ಬುಗುರಿ ಅವನ ನಂಬರಿನ ಮುಂದೆ ಐದು ಬರೆದಳು, ದೊಡ್ಡದಾಗಿ, ಚೌಕದಿಂದ ಹೊರಗೆ ಬರುವಷ್ಟು ದೊಡ್ಡದಾಗಿ. ಇಷ್ಟು ವರ್ಷದಲ್ಲಿ ಅವಳು ಯಾರಿಗೂ ಇಷ್ಟು ಸಂತೋಷದಿಂದ ಐದು ಹಾಕಿರಲಿಲ್ಲ. ಮುಂದಿನ ಗಾಡಿ ಬರಲು ಇನ್ನೂ ಹೊತ್ತಿತ್ತು. ಅವಳು ಹತ್ತಿರದ ಒಂದು ಕಲ್ಲಿನ ಮೇಲೆ ಕೂತಳು.

ಎಷ್ಟೋ ಹೊತ್ತಿನ ಮೇಲೆ ಚೀಟಿ ತೆಗೆದುಕೊಂಡು ಹೋಗಲು ಬಂದ ಮೇಷ್ಟ್ರು ಅವಳನ್ನು ಆ ಕಲ್ಲಿನ ಮೇಲೆಯೇ ಕಂಡರು. ಹಣೆ ಮುಟ್ಟಿ ನೋಡಿ, ಮೈಗೆ ಹುಷಾರಿಲ್ಲವೇನಮ್ಮ, ಆಗಿನಿಂದ ಒಂದೇ ಕಡೆ ಕೂತಿದ್ದೀಯಲ್ಲ ಎಂದು ಕೇಳಿದರು.